ಜಾಲಪುಟಕ್ಕೆ ಯಾವ ಭಾಷೆ, ಯಾವ ಚೌಕಟ್ಟು, ಯಾವ ವಿನ್ಯಾಸ ಸಾಧನ? – ಗ್ರಾಮ ಪಂಚಾಯಿತಿಯ ಅಗತ್ಯದ ಹಿನ್ನೆಲೆಯಲ್ಲಿ ಒಂದು ತುಲನೆ

(ಗ್ರಾಮ ಪಂಚಾಯಿತಿ ಅಧಿಕಾರಿ ಹಾಗೂ ಸಿಬ್ಬಂದಿ ವರ್ಗದ ತರಬೇತಿ ಕಾರ್ಯಕ್ರಮದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯೊಂದು ಉತ್ಸಾಹದಿಂದ ತನ್ನದೇ ಜಾಲತಾಣವನ್ನು ಮಾಡಿಸಿಕೊಂಡಿತ್ತು. ಅದೇ ಊರಿನ ಯುವ ಎಂಜಿನಿಯರೊಬ್ಬರು ರಿಯಾಕ್ಟ್ ಎಂಬ ಸಾಧನ ಬಳಸಿ ಅದನ್ನು ಬಹಳ ಅಂದವಾಗಿ ನಿರ್ಮಿಸಿಕೊಟ್ಟಿದ್ದರು. ಮುಖಪುಟದಲ್ಲಿ ಕೆರೆಯ ಚಿತ್ರ, ಶಾಲೆಯ ಚಿತ್ರ, ಜಾತ್ರೆಯ ಚಿತ್ರ ಒಂದಾದ ಮೇಲೊಂದು ಜಾರಿ ಬರುತ್ತಿದ್ದವು. ಕೆಲವು ತಿಂಗಳ ನಂತರ ಅವರಿಗೆ ಬೆಂಗಳೂರಿನಲ್ಲಿ ನೌಕರಿ ದೊರೆಯಿತು. ಆ ಪುಟದಲ್ಲಿ ಒಂದು ಸಾಲನ್ನು ಬದಲಾಯಿಸುವ ವಿಧಾನ ಪಂಚಾಯಿತಿ ಕಚೇರಿಯಲ್ಲಿ ಮತ್ಯಾರಿಗೂ ತಿಳಿದಿರಲಿಲ್ಲ.

ಅಷ್ಟರಲ್ಲಿ ವಸತಿ ಯೋಜನೆಯ ಕರಡು ಪಟ್ಟಿ ಸಿದ್ಧವಾಯಿತು. ಆಕ್ಷೇಪಣೆ ಸಲ್ಲಿಸಲು ಏಳು ದಿನಗಳ ಕಾಲಾವಕಾಶವಿತ್ತು. ಪಟ್ಟಿಯ ಎಂಟು ಪುಟಗಳನ್ನು ಸ್ಕ್ಯಾನ್ ಮಾಡಿ ಬೆಂಗಳೂರಿಗೆ ಕಳುಹಿಸಲಾಯಿತು. ಅವರು ಬಿಡುವು ಮಾಡಿಕೊಂಡು ಮೂರನೆಯ ದಿನ ಎಂಟು ಚಿತ್ರಗಳನ್ನು ಜಾಲತಾಣಕ್ಕೆ ಸೇರಿಸಿದರು. ಪಂಚಾಯಿತಿಯ ಕೊನೆಯ ಹಳ್ಳಿಯಲ್ಲಿ ಮಂಡಿನೋವಿನಿಂದ ನಡೆಯಲಾಗದ ವೃದ್ಧೆಯೊಬ್ಬರಿದ್ದರು. ಅವರ ಸೊಸೆ ತನ್ನ ಫೋನಿನಲ್ಲಿ ಆ ಪುಟವನ್ನು ತೆರೆಯಲು ಎರಡು ದಿನ ಪ್ರಯತ್ನಿಸಿದರು. ಬಳಿಕ ಕಚೇರಿಗೆ ಬಂದು ಡಾಟಾ ಎಂಟ್ರಿ ಆಪರೇಟರಿಗೆ, "ಚಕ್ರ ಸುತ್ತುತ್ತಾನೇ ಇತ್ತು ಅಕ್ಕಾ, ಹೆಸರು ಬರಲೇ ಇಲ್ಲ" ಎಂದರು. ಅಂದಿಗೆ ಅವಧಿ ಮುಗಿದು ಒಂದು ದಿನವಾಗಿತ್ತು. ವೃದ್ಧೆಯ ಪತಿಯ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಾಗಿ, ಪಡಿತರ ಚೀಟಿಯೊಂದಿಗೆ ತಾಳೆಯಾಗದೆ ಅರ್ಜಿ ಬದಿಗೆ ಸರಿದಿತ್ತು. ಒಂದು ಆಕ್ಷೇಪಣೆಯಿಂದ ಸರಿಹೋಗುತ್ತಿದ್ದ ತಪ್ಪಿಗಾಗಿ ಆಕೆ ಮುಂದಿನ ಪಟ್ಟಿಯವರೆಗೆ ಕಾಯಬೇಕಾಯಿತು.

ಜಾಲತಾಣ ನಿರ್ಮಾಣದ ಭಾಷೆ, ಚೌಕಟ್ಟು ಮತ್ತು ವಿನ್ಯಾಸ ಸಾಧನಗಳ ಈ ತುಲನೆಯನ್ನು ಸದರಿ ಪ್ರಸಂಗವನ್ನು ಮುಂದಿಟ್ಟುಕೊಂಡೇ ಮಾಡಬೇಕಾಗಿದೆ. ಯಾವುದು ಹೊಸದು, ಯಾವುದಕ್ಕೆ ಮಾರುಕಟ್ಟೆಯಲ್ಲಿ ಬೇಡಿಕೆಯಿದೆ ಎಂಬ ಪ್ರಶ್ನೆಗಳು ನೌಕರಿ ಅರಸುವವರಿಗೆ ಮುಖ್ಯ. ಪಂಚಾಯಿತಿಯ ಪ್ರಶ್ನೆಗಳು ಎರಡೇ: ಪ್ರಕಟಣೆಯನ್ನು ಬದಲಾಯಿಸುವ ಕೈ ಯಾರದು? ಅದು ತೆರೆದುಕೊಳ್ಳಬೇಕಾದ ಫೋನು ಯಾವುದು?

1. ಅಡಿಪಾಯದ ಮೂರು ಭಾಷೆಗಳು

ಯಾವ ಜಾಲಪುಟವೇ ಆಗಲಿ, ಬ್ರೌಸರಿಗೆ ತಲುಪುವ ಹೊತ್ತಿಗೆ ಮುಖ್ಯವಾಗಿ ಮೂರು ಭಾಷೆಗಳ ರೂಪದಲ್ಲಿರುತ್ತದೆ. ಎಚ್‌ಟಿಎಂಎಲ್ ಪುಟದ ವಿಷಯವನ್ನೂ ಅದರ ರಚನೆಯನ್ನೂ ತಿಳಿಸುತ್ತದೆ: ಇದು ಶೀರ್ಷಿಕೆ, ಇದು ಕೋಷ್ಟಕ, ಇದು ಕೊಂಡಿ ಎಂದು. ಸಿಎಸ್‌ಎಸ್ ಬಣ್ಣ, ಅಳತೆ, ಅಂತರಗಳನ್ನು ನಿರ್ಧರಿಸುತ್ತದೆ. ಜಾವಾಸ್ಕ್ರಿಪ್ಟ್ ಪುಟಕ್ಕೆ ಚಲನೆಯನ್ನೂ ಪ್ರತಿಕ್ರಿಯೆಯನ್ನೂ ನೀಡುತ್ತದೆ.

ವಿಶ್ವವ್ಯಾಪಿ ಜಾಲದ ಪ್ರಸ್ತಾವನೆಯನ್ನು ಟಿಮ್ ಬರ್ನರ್ಸ್-ಲೀ ಅವರು ಸ್ವಿಟ್ಜರ್‌ಲೆಂಡಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿ 1989ರಲ್ಲಿ ಮಂಡಿಸಿದರು. ಸಿಎಸ್‌ಎಸ್‌ನ ಮೊದಲ ಆವೃತ್ತಿಗೆ 1996ರಲ್ಲಿ ಮಾನ್ಯತೆ ದೊರೆಯಿತು. ಜಾವಾಸ್ಕ್ರಿಪ್ಟನ್ನು ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಅವರು 1995ರಲ್ಲಿ ರೂಪಿಸಿದರು. ಇವುಗಳ ದೊಡ್ಡ ಗುಣವೆಂದರೆ ಬಾಳಿಕೆ. ಸರ್ನ್‌ನಲ್ಲಿ ಎಚ್‌ಟಿಎಂಎಲ್‌ನಲ್ಲಿ ಬರೆಯಲಾದ ಆರಂಭಿಕ ಪುಟಗಳನ್ನು ಇಂದಿನ ಸಾಮಾನ್ಯ ಫೋನಿನಲ್ಲಿಯೂ ಓದಬಹುದು. ಇದಕ್ಕೆ ವ್ಯತಿರಿಕ್ತವಾಗಿ, ಒಂದು ಕಾಲದಲ್ಲಿ ಆಕರ್ಷಕ ಜಾಲತಾಣಗಳಿಗೆಲ್ಲ ಆಧಾರವಾಗಿದ್ದ ಫ್ಲ್ಯಾಶ್ ತಂತ್ರಜ್ಞಾನಕ್ಕೆ ಅಡೋಬ್ ಸಂಸ್ಥೆಯ ಬೆಂಬಲ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಅದರಲ್ಲಿ ರಚಿತವಾದ ಪುಟಗಳು ಇಂದಿನ ಬ್ರೌಸರುಗಳಲ್ಲಿ ತಾವಾಗಿ ತೆರೆಯಲಾರವು.

ಪಂಚಾಯಿತಿಯ ದಾಖಲೆ ಹತ್ತು ವರ್ಷಗಳ ನಂತರವೂ ಓದುವಂತಿರಬೇಕು. ಆದ್ದರಿಂದ ಪ್ರಕಟಣೆಯ ಮುಖ್ಯ ವಿಷಯವು ಜಾವಾಸ್ಕ್ರಿಪ್ಟ್ ಕೆಲಸ ಮಾಡದಿದ್ದರೂ ಎಚ್‌ಟಿಎಂಎಲ್‌ನಲ್ಲಿಯೇ ಕಾಣುವಂತಿರುವುದು ಮೊದಲ ನಿಯಮವಾಗಬೇಕು.

2. ಸರ್ವರಿನಲ್ಲಿ ಕೆಲಸ ಮಾಡುವ ಭಾಷೆಗಳು

ಅರ್ಜಿ ಸ್ವೀಕರಿಸುವುದು, ಪಟ್ಟಿಯಲ್ಲಿ ಹೆಸರು ಹುಡುಕುವುದು, ಹೊಸ ಪ್ರಕಟಣೆ ಸೇರಿಸುವುದು ಮುಂತಾದ ಕೆಲಸಗಳಿಗೆ ಸರ್ವರಿನಲ್ಲಿ ಮತ್ತೊಂದು ಭಾಷೆ ಬೇಕಾಗುತ್ತದೆ. ಈ ಪೈಕಿ ಪಿಎಚ್‌ಪಿ, ಪೈಥಾನ್ ಹಾಗೂ ಜಾವಾಸ್ಕ್ರಿಪ್ಟನ್ನು ಹೋಲಿಸಿ ನೋಡುವುದು ಸಾಕು.

ಪಿಎಚ್‌ಪಿಯನ್ನು ರಾಸ್ಮಸ್ ಲೆರ್ಡಾರ್ಫ್ ಅವರು 1995ರಲ್ಲಿ ಸಾರ್ವಜನಿಕ ಬಳಕೆಗೆ ನೀಡಿದರು. ಕಡಿಮೆ ಬಾಡಿಗೆಯ ಸರ್ವರಿನಲ್ಲಿಯೂ ಇದು ಲಭ್ಯ. ತಾಲ್ಲೂಕು ಕೇಂದ್ರದಲ್ಲಿಯೂ ಇದನ್ನು ಬಲ್ಲವರು ಸಿಗುತ್ತಾರೆ. 2003ರಲ್ಲಿ ಆರಂಭವಾದ ವರ್ಡ್‌ಪ್ರೆಸ್ ಇದರ ಮೇಲೆಯೇ ನಿಂತಿದೆ. ವರ್ಡ್‌ಪ್ರೆಸ್‌ನಲ್ಲಿ ಪ್ರಕಟಣೆ ಸೇರಿಸುವುದು ಪತ್ರ ಬೆರಳಚ್ಚು ಮಾಡಿದಷ್ಟೇ ಸುಲಭ. ಆದರೆ ಅದಕ್ಕೆ ಜೋಡಿಸುವ ಪ್ಲಗಿನ್‌ಗಳನ್ನು ಕಾಲಕಾಲಕ್ಕೆ ನವೀಕರಿಸದಿದ್ದರೆ ದುಷ್ಕರ್ಮಿಗಳು ಒಳನುಗ್ಗಲು ಅದೇ ಬಾಗಿಲಾಗುತ್ತದೆ. ಅಗತ್ಯವಿಲ್ಲದ ಒಂದೇ ಒಂದು ಪ್ಲಗಿನ್ ಇರಬಾರದು.

ಪೈಥಾನ್ ಓದಲು ಸರಳವಾದ ಭಾಷೆ. ಅದರ ಮೇಲಿನ ಜಾಂಗೊ ಚೌಕಟ್ಟು 2005ರಲ್ಲಿ ಸಾರ್ವಜನಿಕವಾಯಿತು. ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ ಅದು ಹುಟ್ಟಿತು. ಸುದ್ದಿ ಬರೆಯುವವರು ತಂತ್ರಜ್ಞರಿಗಾಗಿ ಕಾಯದೆ ತಾವೇ ಪುಟವನ್ನು ಬದಲಾಯಿಸುವಂತಿರಬೇಕೆಂಬುದು ಅಲ್ಲಿನ ಅಗತ್ಯವಾಗಿತ್ತು. ಅದರಿಂದಾಗಿ ಜಾಂಗೊದಲ್ಲಿ ಮಾಹಿತಿ ನಮೂದಿಸುವ ಆಡಳಿತ ಪರದೆಯು ಸಿದ್ಧರೂಪದಲ್ಲಿಯೇ ದೊರೆಯುತ್ತದೆ. ಪಂಚಾಯಿತಿ ಕಚೇರಿಯ ಅಗತ್ಯವೂ ಇದೇ ಬಗೆಯದು. ಆದರೆ ಇದನ್ನು ಸರ್ವರಿನಲ್ಲಿ ನೆಲೆಗೊಳಿಸಲು ಪಿಎಚ್‌ಪಿಗಿಂತ ಹೆಚ್ಚು ಪರಿಣತಿ ಬೇಕು.

2009ರಲ್ಲಿ ಬಂದ ನೋಡ್ ತಂತ್ರಾಂಶವು ಜಾವಾಸ್ಕ್ರಿಪ್ಟನ್ನು ಸರ್ವರಿಗೂ ತಂದಿತು. ಒಂದೇ ಭಾಷೆಯಲ್ಲಿ ಎಲ್ಲ ಕೆಲಸವೂ ಸಾಗುವುದು ಇದರ ಅನುಕೂಲ. ನೂರಾರು ಚಿಕ್ಕಪುಟ್ಟ ತಂತ್ರಾಂಶ ತುಣುಕುಗಳನ್ನು ಅವಲಂಬಿಸುವುದರಿಂದ ಅವೆಲ್ಲವನ್ನೂ ಸುಸ್ಥಿತಿಯಲ್ಲಿಡುವ ಹೊರೆ ಇದರ ಅನನುಕೂಲ.

3. ಚೌಕಟ್ಟುಗಳು: ಉಪಯೋಗ ಮತ್ತು ಆಯುಷ್ಯ

ಮನೆ ಕಟ್ಟುವಾಗ ಬಾಗಿಲು, ಕಿಟಕಿಗಳ ಚೌಕಟ್ಟನ್ನು ಸಿದ್ಧವಾಗಿ ತರುವಂತೆ, ಜಾಲತಾಣ ನಿರ್ಮಾಣದಲ್ಲಿ ಪದೇ ಪದೇ ಬೇಕಾಗುವ ಭಾಗಗಳನ್ನು ಮೊದಲೇ ಸಿದ್ಧಪಡಿಸಿ ಕೊಡುವ ವ್ಯವಸ್ಥೆಗೆ ಚೌಕಟ್ಟು ಅಥವಾ ಫ್ರೇಮ್‌ವರ್ಕ್ ಎಂದು ಹೆಸರು. 2006ರ ಜೆಕ್ವೆರಿ ಸಂಕಲನವು ಬೇರೆ ಬೇರೆ ಬ್ರೌಸರುಗಳ ವ್ಯತ್ಯಾಸವನ್ನು ಮರೆಮಾಡಿ ನಿರ್ಮಾಪಕರ ಶ್ರಮವನ್ನು ತಗ್ಗಿಸಿತು. ಗೂಗಲ್‌ನ ಆಂಗ್ಯುಲರ್‌ಜೆಎಸ್ 2010ರಲ್ಲಿ, ಫೇಸ್‌ಬುಕ್‌ನ ರಿಯಾಕ್ಟ್ 2013ರಲ್ಲಿ, ಇವಾನ್ ಯೂ ಅವರ ವ್ಯೂ 2014ರಲ್ಲಿ ಹೊರಬಂದವು.

ಪರದೆಯ ಮೇಲಿನ ಮಾಹಿತಿ ಕ್ಷಣಕ್ಷಣಕ್ಕೂ ಬದಲಾಗುವ ಕಡೆ ರಿಯಾಕ್ಟ್ ಅತ್ಯುಪಯುಕ್ತ. ಹಲವು ತಂಡಗಳು ಸೇರಿ ವರ್ಷಗಟ್ಟಲೆ ಬೆಳೆಸುವ ದೊಡ್ಡ ಕಚೇರಿ ತಂತ್ರಾಂಶಕ್ಕೆ ಆಂಗ್ಯುಲರ್‌ನ ಕಟ್ಟುನಿಟ್ಟು ಸೂಕ್ತ. ಇರುವ ಪುಟದ ಒಂದು ಮೂಲೆಗೆ ಮಾತ್ರ ಚಲನೆ ಬೇಕಿದ್ದಲ್ಲಿ ವ್ಯೂ ಹಗುರವಾಗಿ ಹೊಂದಿಕೊಳ್ಳುತ್ತದೆ. ಇವುಗಳಲ್ಲಿ ಯಾವುದನ್ನೂ ಕೀಳೆನ್ನಲಾಗದು. ಗ್ರಾಮ ಸಭೆಯ ನೋಟಿಸು, ತೆರಿಗೆ ದರ, ಫಲಾನುಭವಿಗಳ ಪಟ್ಟಿ, ನೀರು ಸರಬರಾಜಿನ ವೇಳೆ ಮುಂತಾದವು ವಾರಕ್ಕೋ ತಿಂಗಳಿಗೋ ಒಮ್ಮೆ ಬದಲಾಗುವ ವಿಷಯಗಳು. ಕ್ಷಣಕ್ಷಣದ ಬದಲಾವಣೆಗಾಗಿ ರಚಿತವಾದ ಯಂತ್ರವನ್ನು ಇವಕ್ಕೆ ಜೋಡಿಸಿದಾಗ ಯಂತ್ರದ ಭಾರ ಉಳಿಯುತ್ತದೆ, ಲಾಭ ದೊರೆಯುವುದಿಲ್ಲ.

ಆಯುಷ್ಯದ ಪ್ರಶ್ನೆಯೂ ಇದೆ. ಆಂಗ್ಯುಲರ್‌ನ ಎರಡನೆಯ ಆವೃತ್ತಿ 2016ರಲ್ಲಿ ಬಂದಾಗ ಅದು ಸಂಪೂರ್ಣ ಹೊಸ ರಚನೆಯಾಗಿತ್ತು. ಹಳೆಯದರಲ್ಲಿ ಕಟ್ಟಿದ್ದನ್ನು ಹಾಗೆಯೇ ಮುಂದುವರಿಸಲಾಗುತ್ತಿರಲಿಲ್ಲ. ಹಳೆಯ ಆಂಗ್ಯುಲರ್‌ಜೆಎಸ್‌ಗೆ ಗೂಗಲ್‌ನ ಬೆಂಬಲ 2021ರ ಅಂತ್ಯಕ್ಕೆ ಮುಗಿಯಿತು. ವಿಷಯ ನಿರ್ವಹಣೆಗೆ ಹೆಸರಾದ ಡ್ರುಪಾಲ್‌ನ ಏಳನೆಯ ಆವೃತ್ತಿಗೆ 2025ರ ಜನವರಿಯಲ್ಲಿ ಬೆಂಬಲ ನಿಂತಿತು. ಬೆಂಬಲ ನಿಂತ ತಂತ್ರಾಂಶದಲ್ಲಿ ದೋಷ ಕಂಡುಬಂದರೆ ಸರಿಪಡಿಸುವ ಹೊಣೆ ಹೊರುವವರಿರುವುದಿಲ್ಲ. ಆದುದರಿಂದ ಚೌಕಟ್ಟನ್ನು ಆರಿಸುವಾಗಲೇ ಮುಂದಿನ ಆವೃತ್ತಿಗೆ ಸಾಗಿಸುವ ಖರ್ಚನ್ನು ಆಯವ್ಯಯದಲ್ಲಿ ತೋರಿಸಬೇಕಾಗುತ್ತದೆ. ಕೊಳವೆಬಾವಿ ಕೊರೆಸಿದವರು ಮೋಟಾರು ರಿಪೇರಿಯ ಖರ್ಚನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳುವಂತೆ ಇದೂ ಕೂಡ.

4. ಒಂದೇ ಪಟ್ಟಿ, ಎರಡು ಭಾರ

ಮೇಲಿನ ಪ್ರಸಂಗದ ಪಟ್ಟಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಒಂದು ಕನ್ನಡ ಅಕ್ಷರಸಂಕೇತಕ್ಕೆ 3 ಬೈಟ್ ಬೇಕು. "ಕರ್ನಾಟಕ" ಎಂಬ ಪದದಲ್ಲಿ 7 ಸಂಕೇತಗಳಿರುವುದರಿಂದ ಅದು 21 ಬೈಟ್ ಆಗುತ್ತದೆ. ಅದೇ ಹೆಸರು ಇಂಗ್ಲಿಷಿನಲ್ಲಿ 9 ಬೈಟ್. ಕನ್ನಡ ಭಾರವೆಂದು ಇದರಿಂದ ಗಾಬರಿಯಾಗಬೇಕಿಲ್ಲ. 200 ಅರ್ಜಿದಾರರ ಪಟ್ಟಿಯಲ್ಲಿ ಪ್ರತಿ ಸಾಲಿಗೆ 100 ಸಂಕೇತಗಳೆಂದು ಹಿಡಿದರೂ ಒಟ್ಟು 60,000 ಬೈಟ್, ಅಂದರೆ ಸುಮಾರು 60 ಕಿಲೋಬೈಟ್ ಮಾತ್ರ. ಸರ್ವರು ಅದನ್ನು ಅಡಕಗೊಳಿಸಿ ಕಳುಹಿಸಿದರೆ ಇನ್ನೂ ಕಡಿಮೆ.

ಅದೇ ಪಟ್ಟಿಯನ್ನು ಎಂಟು ಪುಟಗಳಾಗಿ ಸ್ಕ್ಯಾನ್ ಮಾಡಿ, ಪುಟಕ್ಕೆ 1 ಮೆಗಾಬೈಟ್ ಎಂದಿಟ್ಟುಕೊಂಡರೆ 8 ಮೆಗಾಬೈಟ್ ಆಗುತ್ತದೆ. ಇದು ಪಠ್ಯರೂಪದ 130 ಪಟ್ಟಿಗೂ ಹೆಚ್ಚು. ಸೆಕೆಂಡಿಗೆ 200 ಕಿಲೋಬಿಟ್ ಮಾತ್ರ ಸಾಗುವ ದುರ್ಬಲ ಸಿಗ್ನಲ್ ಇರುವ ಹಳ್ಳಿಯಲ್ಲಿ ಪಠ್ಯರೂಪದ ಪಟ್ಟಿ ಎರಡೂವರೆ ಸೆಕೆಂಡಿನೊಳಗೆ ತಲುಪುತ್ತದೆ. ಚಿತ್ರರೂಪದ ಪಟ್ಟಿಗೆ ಐದು ನಿಮಿಷಕ್ಕೂ ಮಿಕ್ಕಿ ಬೇಕು. ನಡುವೆ ಒಮ್ಮೆ ಸಂಪರ್ಕ ಕಡಿದರೆ ಮೊದಲಿನಿಂದ ಆರಂಭ. ಸೊಸೆಯ ಫೋನಿನಲ್ಲಿ ಸುತ್ತುತ್ತಿದ್ದ ಚಕ್ರದ ಹಿಂದಿನ ಗಣಿತ ಇಷ್ಟೇ.

ರಿಯಾಕ್ಟ್ ಸಂಕಲನದ ಭಾರವು ಅಡಕಗೊಳಿಸಿದ ನಂತರ 40 ಕಿಲೋಬೈಟ್‌ಗೆ ಮೇಲ್ಪಟ್ಟು, ಜೆಕ್ವೆರಿಯದು ಸುಮಾರು 30 ಕಿಲೋಬೈಟ್. ಇವು ತಾವಾಗಿ ಮಾರಕವಲ್ಲ. ಅವುಗಳ ಜೊತೆಗೆ ಸೇರುವ ಜಾರುವ ಚಿತ್ರಗಳು, ಬಗೆಬಗೆಯ ಫಾಂಟುಗಳು, ಹಿನ್ನೆಲೆ ವಿಡಿಯೊಗಳು ಒಟ್ಟು ಭಾರವನ್ನು ಏರಿಸುತ್ತವೆ. ಇದಲ್ಲದೆ ಜಾವಾಸ್ಕ್ರಿಪ್ಟ್ ಕೈಗೆ ಬಂದರಷ್ಟೇ ಸಾಲದು, ಫೋನು ಅದನ್ನು ಓದಿ ನಡೆಸಬೇಕು. ಹಳೆಯ ಫೋನಿನಲ್ಲಿ ಆ ಹಂತವೂ ನಿಧಾನ.

ಚಿತ್ರರೂಪದ ಪಟ್ಟಿಗೆ ಇನ್ನೊಂದು ದೋಷವಿದೆ. ಅದರಲ್ಲಿ ಹೆಸರನ್ನು ಹುಡುಕಲಾಗದು. ದೃಷ್ಟಿಮಾಂದ್ಯರ ಫೋನಿನಲ್ಲಿರುವ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೂ ಅದನ್ನು ನೇರವಾಗಿ ಓದಲಾರದು.

5. ಕನ್ನಡ ಅಕ್ಷರದ ವಿಚಾರ

ಯುನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಆದರೂ ಹಳೆಯ ಆಸ್ಕಿ ಆಧಾರಿತ ಫಾಂಟುಗಳಲ್ಲಿ ಬೆರಳಚ್ಚು ಮಾಡುವ ರೂಢಿ ಹಲವು ಕಚೇರಿಗಳಲ್ಲಿ ಉಳಿದುಕೊಂಡಿದೆ. ಅಂಥ ಕಡತದಲ್ಲಿ ಗಣಕಯಂತ್ರವು ಸಂಗ್ರಹಿಸುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳನ್ನು. ಫಾಂಟು ಅವನ್ನು ಕನ್ನಡದಂತೆ ತೋರಿಸುತ್ತದೆ. ಆ ಫಾಂಟು ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ. ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿ ಯುನಿಕೋಡ್ ಬೆರಳಚ್ಚಿಗೆ ಅವಕಾಶವಿದ್ದು, ಹಳೆಯ ಕಡತಗಳನ್ನು ಪರಿವರ್ತಿಸುವ ಸೌಲಭ್ಯವೂ ಲಭ್ಯವಿದೆ. ಪರಿವರ್ತನೆಯ ನಂತರ ಹೆಸರುಗಳನ್ನು ಒಂದೊಂದಾಗಿ ಓದಿ ತಾಳೆ ನೋಡುವುದು ಅನಿವಾರ್ಯ, ಏಕೆಂದರೆ ಒತ್ತಕ್ಷರ ಮತ್ತು ಅರ್ಕಾವತ್ತುಗಳಲ್ಲಿ ತಪ್ಪು ನುಸುಳುವ ಸಂಭವವಿದೆ.

ಯಾವ ಭಾಷೆ, ಯಾವ ಚೌಕಟ್ಟು ಆರಿಸಿದರೂ ಈ ಹಂತದಲ್ಲಿ ತಪ್ಪಿದರೆ ಉಳಿದ ಶ್ರಮವೆಲ್ಲ ವ್ಯರ್ಥ. ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನಲ್ಲಿ ನಮೂದಿಸುವುದನ್ನೂ ಮರೆಯಬಾರದು. ಓದಿ ಹೇಳುವ ತಂತ್ರಾಂಶವು ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಲು ಅದು ನೆರವಾಗುತ್ತದೆ.

6. ವಿನ್ಯಾಸ ಸಾಧನಗಳು

ಪುಟವನ್ನು ಕಟ್ಟುವ ಮುನ್ನ ಅದರ ನಕ್ಷೆ ಬರೆಯುವುದು ಒಳ್ಳೆಯ ಪದ್ಧತಿ. ಫೋಟೊಶಾಪ್ ಮೂಲತಃ ಛಾಯಾಚಿತ್ರಗಳಿಗಾಗಿ ಇರುವ ಸಾಧನ. ಅದರಲ್ಲಿ ಜಾಲಪುಟದ ನಕ್ಷೆ ಬರೆಯುವ ಅಭ್ಯಾಸ ಈಗ ಹಿಂದೆ ಸರಿದಿದೆ. 2016ರಿಂದ ಸಾರ್ವಜನಿಕ ಬಳಕೆಯಲ್ಲಿರುವ ಫಿಗ್ಮಾ ಬ್ರೌಸರಿನಲ್ಲಿಯೇ ತೆರೆಯುತ್ತದೆ, ಹಲವರು ಏಕಕಾಲದಲ್ಲಿ ಕೆಲಸ ಮಾಡಬಹುದು. ಅದಕ್ಕೆ ಉತ್ತಮ ಇಂಟರ್‌ನೆಟ್ ಸಂಪರ್ಕ ಬೇಕು. ಅಡೋಬ್ ಸಂಸ್ಥೆಯು 2022ರಲ್ಲಿ ಫಿಗ್ಮಾವನ್ನು 2,000 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿ, 2023ರ ಡಿಸೆಂಬರಿನಲ್ಲಿ ಆ ಪ್ರಸ್ತಾವವನ್ನು ಕೈಬಿಟ್ಟಿತು. ಖಾಸಗಿ ಸಾಧನದ ಒಡೆತನ, ದರ, ಷರತ್ತುಗಳು ಬಳಕೆದಾರರ ಕೈಯಲ್ಲಿರುವುದಿಲ್ಲ ಎಂಬುದಕ್ಕೆ ಇದು ನಿದರ್ಶನ. ಪೆನ್‌ಪಾಟ್ ಮುಕ್ತ ತಂತ್ರಾಂಶವಾಗಿದ್ದು ಸ್ವಂತ ಸರ್ವರಿನಲ್ಲಿಯೂ ಇಟ್ಟುಕೊಳ್ಳಬಹುದು. ಲಾಂಛನ ಮತ್ತು ರೇಖಾಚಿತ್ರಗಳಿಗೆ ಇಂಕ್‌ಸ್ಕೇಪ್, ಛಾಯಾಚಿತ್ರದ ಗಾತ್ರ ತಗ್ಗಿಸಲು ಜಿಂಪ್ ಸಾಕು. ಇವೆರಡೂ ಉಚಿತ.

ಯಾವ ಸಾಧನವಾದರೂ ಎರಡು ಎಚ್ಚರಿಕೆ ಬೇಕು. ಮೊದಲನೆಯದಾಗಿ, ನಕ್ಷೆಯಲ್ಲಿ ಇಂಗ್ಲಿಷಿನ ಮಾದರಿ ಪಠ್ಯವನ್ನು ತುಂಬದೆ ನಿಜವಾದ ಕನ್ನಡ ಪ್ರಕಟಣೆಯನ್ನೇ ಇರಿಸಬೇಕು. "ರಾಷ್ಟ್ರ", "ಸ್ತ್ರೀ", "ಲಕ್ಷ್ಮಮ್ಮ" ಮುಂತಾದ ಪದಗಳ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ. ಇಂಗ್ಲಿಷಿಗೆಂದು ನಿಗದಿಪಡಿಸಿದ ಸಾಲಿನ ಎತ್ತರದಲ್ಲಿ ಅವು ಕೆಳಗಿನ ಸಾಲಿಗೆ ತಾಗುತ್ತವೆ ಅಥವಾ ಕತ್ತರಿಸಿಹೋಗುತ್ತವೆ. ಎರಡನೆಯದಾಗಿ, ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ನಡುವೆ ಸಾಕಷ್ಟು ವ್ಯತ್ಯಾಸವಿರಬೇಕು. ಅಂತರರಾಷ್ಟ್ರೀಯ ಸುಗಮ್ಯತಾ ಮಾನದಂಡದಂತೆ ಸಾಮಾನ್ಯ ಅಕ್ಷರಗಳಿಗೆ ಈ ಅನುಪಾತ ಕನಿಷ್ಠ 4.5ಕ್ಕೆ 1. ಬಿಸಿಲಿನಲ್ಲಿ ನಿಂತು ಫೋನು ನೋಡುವವರಿಗೆ ತಿಳಿ ಬೂದು ಅಕ್ಷರಗಳು ಕಾಣುವುದಿಲ್ಲ.

7. ಆಯ್ಕೆಯ ಕ್ರಮ

ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿಯು 2009ರಲ್ಲಿ ಮೊದಲು ಹೊರಬಂದು, 2023ರಲ್ಲಿ ಅದರ ಮೂರನೆಯ ಆವೃತ್ತಿ ಪ್ರಕಟವಾಗಿದೆ. ಜಿಲ್ಲಾ ಜಾಲತಾಣಗಳಿಗಾಗಿ ಎನ್‌ಐಸಿ ಸಂಸ್ಥೆಯು ಸಿದ್ಧ ವೇದಿಕೆಯನ್ನು ನಿರ್ಮಿಸಿದೆ. ಇಲಾಖೆಯ ಸಿದ್ಧ ವೇದಿಕೆ ದೊರೆಯುವ ಕಡೆ ಪ್ರತ್ಯೇಕ ಜಾಲತಾಣ ಮಾಡಿಸುವ ಗೋಜಿಗೆ ಹೋಗದೆ ಅದನ್ನೇ ಬಳಸುವುದು ಕ್ಷೇಮ. ಪ್ರತ್ಯೇಕವಾಗಿ ಮಾಡಿಸುವುದೇ ಆದಲ್ಲಿ, ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ಕೆಳಗಿನ ಪರೀಕ್ಷೆಗಳು ನಡೆಯಬೇಕು:

(ಅ) ಡಾಟಾ ಎಂಟ್ರಿ ಆಪರೇಟರು ಬೇರೆಯವರ ನೆರವಿಲ್ಲದೆ ಹದಿನೈದು ನಿಮಿಷದೊಳಗೆ ಒಂದು ನೋಟಿಸನ್ನು ಸೇರಿಸಿ, ತಿದ್ದಿ, ತೆಗೆಯಬಲ್ಲರೇ ಎಂಬುದನ್ನು ಕಚೇರಿಯಲ್ಲಿಯೇ ಮಾಡಿಸಿ ನೋಡಬೇಕು.

(ಆ) ಪಂಚಾಯಿತಿ ವ್ಯಾಪ್ತಿಯಲ್ಲಿ ಸಿಗ್ನಲ್ ಅತಿ ದುರ್ಬಲವಾಗಿರುವ ಹಳ್ಳಿಯಲ್ಲಿ, ಅತಿ ಅಗ್ಗದ ಫೋನಿನಲ್ಲಿ ಪುಟವನ್ನು ತೆರೆದು ನೋಡಬೇಕು.

(ಇ) ಪುಟದಲ್ಲಿ ಕನ್ನಡದ ಹೆಸರೊಂದನ್ನು ಬೆರಳಚ್ಚು ಮಾಡಿ ಹುಡುಕಿದಾಗ ಅದು ಸಿಗಬೇಕು.

(ಈ) ಡೊಮೇನ್ ಹೆಸರು, ಸರ್ವರಿನ ಖಾತೆ, ಪಾಸ್‌ವರ್ಡ್, ಮೂಲ ಸಂಕೇತ ಹಾಗೂ ವಿನ್ಯಾಸ ಕಡತಗಳು ಪಂಚಾಯಿತಿಯ ಹೆಸರಿನಲ್ಲಿರಬೇಕು. ಸಿಬ್ಬಂದಿ ವರ್ಗಾವಣೆಯಾದಾಗ ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಇವೂ ಸೇರಿರಬೇಕು.

(ಉ) ಮಾಹಿತಿಯ ಪ್ರತಿಯನ್ನು ಕಚೇರಿಯಲ್ಲಿ ನಿಯತವಾಗಿ ತೆಗೆದಿಡಬೇಕು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಫೋನ್ ಸಂಖ್ಯೆಗಳು ಯಾವುದೇ ಸಾರ್ವಜನಿಕ ಪಟ್ಟಿಯಲ್ಲಿ ಇರಕೂಡದು.

ಈ ಐದರಲ್ಲಿ ಉತ್ತೀರ್ಣವಾಗುವ ಜಾಲತಾಣವು ವರ್ಡ್‌ಪ್ರೆಸ್‌ನದೋ, ಜಾಂಗೊದ್ದೋ, ರಿಯಾಕ್ಟ್‌ನದೋ ಎಂಬುದು ನಂತರದ ಮಾತು. ರಿಯಾಕ್ಟ್‌ನಲ್ಲಿಯೂ ಎಚ್‌ಟಿಎಂಎಲ್ ಪುಟವನ್ನು ಸರ್ವರಿನಲ್ಲಿಯೇ ಸಿದ್ಧಪಡಿಸಿ ಕಳುಹಿಸುವ ಕ್ರಮವಿದೆ. ಬರೇ ಎಚ್‌ಟಿಎಂಎಲ್ ಕಡತಗಳಿಂದಲೂ ಸೊಗಸಾದ ಜಾಲತಾಣ ಸಾಧ್ಯ. ಅದು ಅತಿ ಹಗುರ ಮತ್ತು ಸುರಕ್ಷಿತ, ಆದರೆ ಕಡತ ತಿದ್ದಲು ಕಲಿತವರೊಬ್ಬರು ಕಚೇರಿಯಲ್ಲಿರಬೇಕು. ಬಹುಪಾಲು ಗ್ರಾಮ ಪಂಚಾಯಿತಿಗಳ ಇಂದಿನ ಸ್ಥಿತಿಯಲ್ಲಿ, ಪ್ಲಗಿನ್‌ಗಳ ಭಾರವಿಲ್ಲದ, ಸರಳ ವಿನ್ಯಾಸದ, ನಿರ್ವಹಣಾ ಪರದೆಯುಳ್ಳ ವ್ಯವಸ್ಥೆಯೇ ಈ ಪರೀಕ್ಷೆಗಳಿಗೆ ಹತ್ತಿರವಾಗುತ್ತದೆ.

ಮಾಹಿತಿ ಹಕ್ಕು ಅಧಿನಿಯಮ 2005ರ 4ನೇ ಪ್ರಕರಣವು ಸಹಾಯಧನ ಕಾರ್ಯಕ್ರಮಗಳ ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸುವ ಹೊಣೆಯನ್ನು ಸಾರ್ವಜನಿಕ ಪ್ರಾಧಿಕಾರದ ಮೇಲೆ ಹೊರಿಸಿದೆ. ಓದಲಾಗದ ರೂಪದಲ್ಲಿ ಪ್ರಕಟಿಸಿದರೆ ಕಡತದಲ್ಲಿ ಹೊಣೆ ತೀರಿದಂತೆ ಕಾಣಬಹುದು, ಜನರಿಗೆ ಅದು ಪ್ರಕಟವಾಗಿರುವುದಿಲ್ಲ. ಜಾಲತಾಣ ಬಂದಿತೆಂದು ಕಚೇರಿಯ ಸೂಚನಾ ಫಲಕವನ್ನಾಗಲಿ, ಹಳ್ಳಿಯಲ್ಲಿ ಸಾರುವ ಕ್ರಮವನ್ನಾಗಲಿ ಕೈಬಿಡುವಂತಿಲ್ಲ. ಫೋನು ಇಲ್ಲದ ಮನೆಗಳು ಇಂದಿಗೂ ಇವೆ.

ಆರಂಭದಲ್ಲಿ ಹೇಳಿದ ಪಂಚಾಯಿತಿಯು ನಂತರ ತನ್ನ ಜಾಲತಾಣವನ್ನು ಸರಳಗೊಳಿಸಿತು. ಜಾರುವ ಚಿತ್ರಗಳು ಹೋದವು. ಮುಂದಿನ ಪಟ್ಟಿಯನ್ನು ಡಾಟಾ ಎಂಟ್ರಿ ಆಪರೇಟರು ಯುನಿಕೋಡ್‌ನಲ್ಲಿ ಬೆರಳಚ್ಚು ಮಾಡಿ, ಗ್ರಾಮ ಸಭೆ ಮುಗಿದ ದಿನವೇ ಸಂಜೆ ತಾವೇ ಪುಟಕ್ಕೆ ಸೇರಿಸಿದರು. ಆ ಸೊಸೆ ಮನೆಯ ಜಗಲಿಯ ಮೇಲೆ ಕುಳಿತು ಅದೇ ಹಳೆಯ ಫೋನಿನಲ್ಲಿ ಅತ್ತೆಯ ಹೆಸರನ್ನು ಹುಡುಕಿದರು. ಈ ಬಾರಿ ಹೆಸರು ಇತ್ತು, ಪತಿಯ ಹೆಸರಿನ ಅಕ್ಷರವೂ ಸರಿಯಾಗಿತ್ತು.